ಕೆಂಗೇರಿ ಮೋರಿಗೆ ಒಂದು ಹೆಸರಿದೆ

ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ನಿಂತು ಹತ್ತು ಜನರನ್ನು ಕೇಳಿ ನೋಡಿ, 'ನಿಮ್ಮ ಏರಿಯಾದಲ್ಲಿ ಹರಿಯೋ ನದಿ ಯಾವುದು?' ಅಂತ. ಬಹಳಷ್ಟು ಜನ ನಿಮ್ಮ ಮುಖವನ್ನೇ ನೋಡ್ತಾರೆ. ಬೆಂಗಳೂರಿಗೆ ನದಿ ಎಲ್ಲಿದೆ ಸ್ವಾಮಿ, ನದಿ ಇದ್ದಿದ್ದರೆ ಕಾವೇರಿ ನೀರಿಗೆ ಯಾಕೆ ಕಾಯ್ತಿದ್ವಿ ಅಂತಾರೆ. ಅದೇ ಜನರನ್ನು 'ಕೆಂಗೇರಿ ಮೋರಿ ಎಲ್ಲಿದೆ?' ಅಂತ ಕೇಳಿ. ತಕ್ಷಣ ಕೈ ಎತ್ತಿ ದಾರಿ ತೋರಿಸ್ತಾರೆ.

ಆ ಮೋರಿಯ ಹೆಸರು ವೃಷಭಾವತಿ. ಅದು ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟುತ್ತದೆ ಅನ್ನೋದು ಹಿಂದಿನಿಂದ ಬಂದ ನಂಬಿಕೆ, ಹೆಸರು ಬಂದದ್ದೂ ಅಲ್ಲಿಂದಲೇ. ಇನ್ನೊಂದು ಕವಲು ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಕಡೆಯಿಂದ ಬರುತ್ತದೆ. ಗವಿಪುರದ ಪಕ್ಕದ ಕೆಂಪಾಂಬುಧಿ ಕೆರೆಯ ಕೋಡಿ ನೀರು ಸೇರೋದು ಈ ಕಣಿವೆಗೇ. ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರದ ರಾಜಕಾಲುವೆಗಳೆಲ್ಲ ಬಂದು ಕೂಡಿಕೊಳ್ಳೋದೂ ಇಲ್ಲಿಗೇ. ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನದ ಪಕ್ಕದಲ್ಲಿ, ನಾಯಂಡಹಳ್ಳಿಯಲ್ಲಿ, ಕೆಂಗೇರಿಯಲ್ಲಿ ಮೈಸೂರು ರಸ್ತೆಯ ಜೊತೆಜೊತೆಗೇ ಹರಿದು, ಬಿಡದಿ ಹತ್ತಿರದ ಭೈರಮಂಗಲ ಕೆರೆ ತುಂಬಿಸಿ, ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಹಾರೋಬೆಲೆ ಜಲಾಶಯ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ಅಂದರೆ ರಾಜಾಜಿನಗರದ ಒಂದು ಅಡುಗೆಮನೆಯ ಸಿಂಕಿಗೂ ಕಾವೇರಿಗೂ ನೇರ ಸಂಬಂಧ ಇದೆ. ಇದು ಭಾವನಾತ್ಮಕ ಮಾತಲ್ಲ, ಭೂಗೋಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಊರಿನ ನಡುವೆ ಒಂದು ದಿಣ್ಣೆ ಹಾದುಹೋಗುತ್ತದೆ, ಹೆಂಚಿನ ಮನೆಯ ಸೂರಿನ ಹಾಗೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಕಾವೇರಿಗೆ. ಬೆಂಗಳೂರಿಗೆ ಕುಡಿಯೋಕೆ ನೀರು ಕೊಡೋ ನದಿಗೆ ಬೆಂಗಳೂರು ವಾಪಸ್ ಏನು ಕೊಡ್ತಿದೆ ಅಂತ ನೋಡಬೇಕಾದರೆ ಬೇರೆಲ್ಲೂ ಹೋಗಬೇಕಾಗಿಲ್ಲ. ನಾಯಂಡಹಳ್ಳಿ ಮೆಟ್ರೋ ನಿಲ್ದಾಣಕ್ಕೆ ಹೋದರೆ ಸಾಕು.

ನಾನು ಓದಿದ್ದು ಎಂಜಿನಿಯರಿಂಗ್. ಆ ನಾಲ್ಕು ವರ್ಷ ಮೈಸೂರು ರಸ್ತೆಯಲ್ಲೇ ಬಸ್ಸಿನಲ್ಲಿ ಓಡಾಡಿದ್ದೀನಿ. ಬಸ್ಸು ನಾಯಂಡಹಳ್ಳಿ ಹತ್ತಿರ ಬರ್ತಿದ್ದ ಹಾಗೆ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ತಿದ್ದವು. ಎಂಜಿನಿಯರಿಂಗ್ ಓದಿದವರಿಗೆ ಒಂದು ಅಭ್ಯಾಸ ಇರುತ್ತೆ. ಯಾವ ವ್ಯವಸ್ಥೆ ನೋಡಿದರೂ ಮೊದಲು ಒಳಗೆ ಎಷ್ಟು ಹೋಗ್ತಿದೆ, ಹೊರಗೆ ಎಷ್ಟು ಬರ್ತಿದೆ ಅಂತ ಕೇಳ್ತಾರೆ. ಆ ಲೆಕ್ಕವನ್ನೇ ಒಮ್ಮೆ ಹಾಕೋಣ.

ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆ ಆಯಿತು. ಈಗ ಎಲ್ಲ ಹಂತಗಳೂ ಸೇರಿ ದಿನಕ್ಕೆ 220 ಕೋಟಿ ಲೀಟರ್‌ಗೂ ಹೆಚ್ಚು ನೀರು ತರುವ ಸಾಮರ್ಥ್ಯ ಇದೆ. ಈ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಮೂಲಕ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಅಷ್ಟು ಕರೆಂಟು ಸುಟ್ಟು ಮೇಲೆ ತಂದ ನೀರು ನಮ್ಮ ಮನೆಯೊಳಗೆ ಇರೋದು ಕೆಲವೇ ಗಂಟೆ. ನಗರದ ನೀರು ಪೂರೈಕೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಸುಮಾರು ಶೇಕಡ 80ರಷ್ಟು ಕೊಳಚೆ ನೀರಾಗಿ ಹೊರಗೆ ಹೋಗುತ್ತದೆ. ನಾಲ್ಕು ಜನರ ಒಂದು ಮನೆ ಅಂದರೆ ದಿನಕ್ಕೆ ಸುಮಾರು 430 ಲೀಟರ್ ಕೊಳಚೆ.

ಈ 430 ಲೀಟರ್ ಹಾಗೇ ನದಿಗೆ ಸೇರಿದರೆ ಏನಾಗುತ್ತೆ? ಇದು ಅರ್ಥ ಆಗಬೇಕಾದರೆ ನದಿ ಹೇಗೆ ಉಸಿರಾಡುತ್ತೆ ಅಂತ ಗೊತ್ತಾಗಬೇಕು.

ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ಮೀನು, ಏಡಿ, ಕಪ್ಪೆಮರಿ, ಹುಳುಹುಪ್ಪಟೆ ಎಲ್ಲ ಉಸಿರಾಡೋದು ಅದನ್ನೇ. ಆದರೆ ಅದು ತುಂಬಾ ಕಡಿಮೆ. ನಮ್ಮ ಊರಿನ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರೋದು ಸುಮಾರು 8 ಮಿಲಿಗ್ರಾಂ. ಒಂದು ಲೀಟರ್ ಗಾಳಿಯಲ್ಲಿ ಅದರ 30 ಪಟ್ಟಿಗೂ ಹೆಚ್ಚು ಇರುತ್ತದೆ. ಅಂದರೆ ಮೀನಿನದ್ದು ಯಾವಾಗಲೂ ಬಡವರ ಮನೆಯ ಸಂಸಾರ. ಆ 8 ಮಿಲಿಗ್ರಾಂ 4ಕ್ಕೆ ಇಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ ಶುರು. ಇನ್ನೂ ಕೆಳಗೆ ಹೋದರೆ ತೇಲುತ್ತವೆ.

ಈಗ ಕೊಳಚೆಗೆ ಬನ್ನಿ. ಮಲ, ಅನ್ನದ ಅಗುಳು, ಎಣ್ಣೆ, ಸೋಪು ಎಲ್ಲವೂ ಬ್ಯಾಕ್ಟೀರಿಯಾಗಳಿಗೆ ಊಟ. ತಿನ್ನಲಿ ಬಿಡಿ, ಅದು ಒಳ್ಳೆಯದೇ. ನದಿ ಕೊಳೆಯನ್ನು ತೊಳೆಯೋದೇ ಹಾಗೆ. ಆದರೆ ಊಟ ಮಾಡಿದಷ್ಟೂ ಅವು ನೀರಿನ ಆಮ್ಲಜನಕ ಎಳೆದುಕೊಳ್ತವೆ. ಒಂದು ಲೀಟರ್ ಕಚ್ಚಾ ಕೊಳಚೆಯನ್ನು ತಿಂದು ಮುಗಿಸೋಕೆ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಕು. ಭಾಗಿಸಿ ನೋಡಿ. ಒಂದು ಲೀಟರ್ ಕೊಳಚೆ ಸುಮಾರು 30 ಲೀಟರ್ ಒಳ್ಳೆಯ ನೀರಿನ ಉಸಿರನ್ನು ಪೂರ್ತಿ ಹೀರಿಬಿಡುತ್ತೆ. ನಿಮ್ಮ ಮನೆಯ 430 ಲೀಟರ್, ಸುಮಾರು 13 ಸಾವಿರ ಲೀಟರಿನ ಉಸಿರನ್ನು ಹೀರುತ್ತದೆ. ಬೇಸಿಗೆಯಲ್ಲಿ ನೀವು ತರಿಸೋ 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಎರಡು ಟ್ಯಾಂಕರ್. ಒಂದೇ ಮನೆಯದ್ದು. ಪಶ್ಚಿಮ ಬೆಂಗಳೂರಿನಲ್ಲಿ ಇಂಥ ಮನೆಗಳು ಲಕ್ಷಗಟ್ಟಲೆ ಇವೆ.

ಆಮ್ಲಜನಕ ಪೂರ್ತಿ ಖಾಲಿಯಾದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಕೆಲಸ ಶುರು ಮಾಡುತ್ತವೆ. ಅವಕ್ಕೆ ಆಮ್ಲಜನಕ ಬೇಡ. ಅವು ಬಿಡುವ ಅನಿಲಗಳಲ್ಲಿ ಒಂದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅಂತೀವಲ್ಲ, ಅದೇ. ಬೆಳ್ಳಿ ಸಾಮಾನು, ತಾಮ್ರದ ತಂತಿಯನ್ನು ಕಪ್ಪಾಗಿಸೋ ಅನಿಲವೂ ಅದೇ. ಮೈಸೂರು ರಸ್ತೆಯಲ್ಲಿ ನಾವು ಮೂಗು ಮುಚ್ಚಿಕೊಳ್ಳೋದು ಕೊಳಕಿನ ವಾಸನೆಗೆ ಅಂದುಕೊಳ್ತೀವಿ. ಅದು ಒಂದು ನದಿಗೆ ಉಸಿರು ನಿಂತ ವಾಸನೆ. ಅಂಥ ಕಡೆ ಬದುಕೋದು ಏನು ಗೊತ್ತಾ? ಒಂದು ಜಾತಿಯ ನೊಣದ ಕೆಂಪು ಮರಿಹುಳುಗಳು. ನಮ್ಮ ರಕ್ತದಲ್ಲಿ ಇರೋ ಹಿಮೋಗ್ಲೋಬಿನ್ ಅವುಗಳ ಮೈಯಲ್ಲೂ ಇದೆ, ಇರೋ ಚೂರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತೆ. ಮೀನು ಹೋಗಿ ಕೆಂಪು ಹುಳು ಉಳಿದಿದೆ ಅಂದರೆ ನೀರಿನ ಕಥೆ ಏನು ಅಂತ ಲ್ಯಾಬ್ ರಿಪೋರ್ಟ್ ಇಲ್ಲದೆಯೂ ಹೇಳಬಹುದು.

ನದಿ ಅಂದರೆ ಬರೀ ನೀರು ಸಾಗಿಸೋ ಪೈಪ್ ಅಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಕಲ್ಲಿನ ಮೇಲೆ ಧುಮುಕಿದಾಗ ನೀರಿಗೆ ಗಾಳಿ ಸೇರುತ್ತೆ. ದಡದ ಮಣ್ಣಿನಲ್ಲಿ ಇಳಿದ ನೀರು ಅಕ್ಕಪಕ್ಕದ ಬಾವಿ, ಬೋರ್‌ವೆಲ್ಲಿಗೆ ಸೇರುತ್ತೆ. ಹೊಂಗೆ, ನೇರಳೆ, ಹೊಳೆಮತ್ತಿ ಮರಗಳ ಬೇರು ದಡ ಹಿಡಿದಿಡುತ್ತೆ, ನೆರಳು ನೀರನ್ನು ತಂಪಾಗಿಡುತ್ತೆ. ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತೆ. ಸಂಗಮದ ಸುತ್ತ ಕಾವೇರಿ ವನ್ಯಜೀವಿಧಾಮ ಇದೆ. ಅಲ್ಲಿ ನೀರುನಾಯಿಗಳಿವೆ, ಮೊಸಳೆಗಳಿವೆ. ಹೊಳೆದಂಡೆಯ ಮರಗಳಲ್ಲೇ ಬದುಕೋ ಬೂದು ಬಣ್ಣದ ದೊಡ್ಡ ಅಳಿಲು ಇದೆ. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸ್ವಾಭಾವಿಕವಾಗಿ ಇರದ, ಬೆನ್ನು ಉಬ್ಬಿದ ಮಹಶೀರ್ ಮೀನು ಅಳಿವಿನ ಅಂಚಿಗೆ ಬಂದಿದೆ ಅಂತ 2018ರಲ್ಲೇ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸೇರಿಸಿದ್ದಾರೆ. ಅದಕ್ಕೆ ಕಾರಣಗಳು ಹಲವು. ಹೊರಗಿನಿಂದ ತಂದುಬಿಟ್ಟ ಬೇರೆ ಮಹಶೀರ್ ಇದೆ, ಅಣೆಕಟ್ಟುಗಳಿವೆ, ಮರಳು ತೆಗೆಯೋದಿದೆ. ಆ ಪಟ್ಟಿಗೆ ಕೊಳಚೆಯನ್ನೂ ಸೇರಿಸೋದು ಬೇಡ ಅಂತಷ್ಟೇ ನಾನು ಹೇಳೋದು.

ಮೀನು, ಅಳಿಲು ಅಂದರೆ ಕೆಲವರಿಗೆ ದೂರದ ಮಾತು ಅನ್ನಿಸಬಹುದು. ಸರಿ, ಮನುಷ್ಯರ ವಿಚಾರಕ್ಕೆ ಬರೋಣ. ಭೈರಮಂಗಲ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ, ರೈತರ ಹೊಲಕ್ಕೆ ನೀರು ಕೊಡೋಕೆ. ಕಟ್ಟಿದವರ ಲೆಕ್ಕದಲ್ಲಿ ಅದು ಮಳೆನೀರಿನ ಕೆರೆ. ಇವತ್ತು ಅದಕ್ಕೆ ವರ್ಷವಿಡೀ ಬರೋದು ನಮ್ಮ ಕೊಳಚೆ. ತೂಬಿನ ಹತ್ತಿರ ಆಳೆತ್ತರ ನೊರೆ ಏಳೋದನ್ನು ಟಿವಿಯಲ್ಲಿ ಎಷ್ಟು ಸಲ ತೋರಿಸಿದ್ದೀವೋ ಲೆಕ್ಕ ಇಲ್ಲ. ನೊರೆ ಬರೋದು ಮುಖ್ಯವಾಗಿ ನಮ್ಮ ಬಟ್ಟೆ ಸೋಪು, ಪಾತ್ರೆ ಸೋಪಿನಿಂದ. ಭತ್ತ ಬೆಳೆಯುತ್ತಿದ್ದ ಕಡೆ ರೈತರು ಸೀಮೆಹುಲ್ಲು, ಬೇಬಿ ಕಾರ್ನ್ ಹಾಕಿಕೊಂಡಿದ್ದಾರೆ. ಆ ಹುಲ್ಲು ಹಸುವಿಗೆ ಹೋಗುತ್ತೆ. ಹಾಲು, ತರಕಾರಿ ಎಲ್ಲಿಗೆ ಬರುತ್ತೆ? ಹತ್ತಿರದ ದೊಡ್ಡ ಮಾರುಕಟ್ಟೆ ಬೆಂಗಳೂರೇ ಅಲ್ವಾ?

ಇಲ್ಲಿ ರೈತರನ್ನು ದೂರೋದು ಅನ್ಯಾಯ. ಬೇರೆ ನೀರು ಅವರಿಗೆ ಕೊಟ್ಟವರು ಯಾರೂ ಇಲ್ಲ. ಬರೀ ಮನೆಯ ಕೊಳಚೆಯಾಗಿದ್ದರೆ ಅದರಲ್ಲಿ ಬೆಳೆಗೆ ಬೇಕಾದ ಸಾರಜನಕ, ರಂಜಕ ಇರುತ್ತೆ, ಸರಿಯಾಗಿ ಸಂಸ್ಕರಿಸಿ ಕೊಟ್ಟರೆ ಅದು ಗೊಬ್ಬರದ ನೀರು. ಸಮಸ್ಯೆ ಇರೋದು ಲೋಹಗಳಲ್ಲಿ. ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯದ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಲೋಹಕ್ಕೆ ಲೇಪನ ಹಾಕೋ ಕೆಲಸ ನಡೆಯುತ್ತೆ. ಕ್ರೋಮಿಯಂ, ನಿಕ್ಕಲ್, ಸತು ಬಳಸ್ತಾರೆ. ಎಲ್ಲರೂ ಕಳ್ಳರಲ್ಲ, ಸರಿಯಾಗಿ ಸಂಸ್ಕರಿಸೋರು ಇದ್ದಾರೆ. ಆದರೆ ಕದ್ದು ಕಾಲುವೆಗೆ ಬಿಡುವ ಒಬ್ಬ ಸಾಕು. ಅನ್ನದ ಅಗುಳನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತೆ, ಕ್ರೋಮಿಯಂ ಅನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸಲ್ಲ. ಅದು ಕೆರೆಯ ಹೂಳಿನಲ್ಲಿ, ಮಣ್ಣಿನಲ್ಲಿ, ಬೇರಿನಲ್ಲಿ ಉಳಿಯುತ್ತೆ.

ಇನ್ನೂ ಒಂದು ವಿಚಾರ ಇದೆ, ನಮ್ಮ ಚರ್ಚೆಗಳಲ್ಲಿ ಅದು ಬರೋದೇ ಇಲ್ಲ. ಇವತ್ತು ಬೆಂಗಳೂರು ಕಾವೇರಿ ನೀರನ್ನು ಎತ್ತುವ ಜಾಗ ಸಂಗಮಕ್ಕಿಂತ ಮೇಲಿದೆ. ಕೊಳಚೆ ಸೇರುವ ಜಾಗ ಕೆಳಗಿದೆ. ಹಾಗಾಗಿ ನಮ್ಮ ಕೊಳೆ ನಮ್ಮ ನಲ್ಲಿಗೆ ವಾಪಸ್ ಬರಲ್ಲ, ಕೆಳಗಿನವರ ಪಾಲಾಗುತ್ತೆ. ಈಗ ಮೇಕೆದಾಟು ನೆನಪಿಸಿಕೊಳ್ಳಿ. 67 ಟಿಎಂಸಿ ನೀರು ನಿಲ್ಲಿಸೋ ಅಣೆಕಟ್ಟು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯೋ ನೀರಿಗೆ. ನಮ್ಮ ನೀರು ನಮ್ಮ ಹಕ್ಕು ಅಂತ ಪಾದಯಾತ್ರೆಯೇ ಆಯ್ತು. ಆ ಹಕ್ಕಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಆ ಅಣೆಕಟ್ಟಿನ ಜಾಗ ಎಲ್ಲಿ ಗೊತ್ತಾ? ಅರ್ಕಾವತಿ ಬಂದು ಸೇರೋ ಸಂಗಮಕ್ಕಿಂತ ಕೆಳಗೆ. ನಾಳೆ ಅಲ್ಲಿ ನೀರು ನಿಂತರೆ ಅದರಲ್ಲಿ ವೃಷಭಾವತಿಯ ಪಾಲೂ ಇರುತ್ತೆ. ಕಾವೇರಿಯ ದೊಡ್ಡ ಹರಿವಿನಲ್ಲಿ ಅದು ತೆಳುವಾಗುತ್ತೆ ನಿಜ, ಕುಡಿಯೋ ಮುಂಚೆ ಶುದ್ಧೀಕರಣವೂ ಇರುತ್ತೆ. ಆದರೂ ಸಾವಿರಾರು ಕೋಟಿ ಖರ್ಚು ಮಾಡಿ ಅಣೆಕಟ್ಟು ಕಟ್ಟೋ ಮೊದಲು ಅದಕ್ಕೆ ಸೇರೋ ನದಿಯನ್ನು ಶುದ್ಧ ಮಾಡಬೇಕು ಅನ್ನೋದಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಕಾಗಿಲ್ಲ. ಮೇಕೆದಾಟು ಬೇಕು ಅನ್ನೋರು ಎಲ್ಲರಿಗಿಂತ ಮೊದಲು ವೃಷಭಾವತಿಯ ಪರ ನಿಲ್ಲಬೇಕು.

ಇನ್ನು ಮಳೆಗಾಲ. 2017ರ ಅಕ್ಟೋಬರ್‌ನಲ್ಲಿ ಕುರುಬರಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ಜನ ಕೊಚ್ಚಿಹೋದದ್ದು ಈ ಭಾಗದವರು ಮರೆತಿರಲಾರರು. ಗಾಳಿ ಆಂಜನೇಯ ದೇವಸ್ಥಾನದೊಳಗೆ ನೀರು ನುಗ್ಗಿದ್ದನ್ನೂ ನೋಡಿದ್ದೀವಿ. ಮೋರಿ ಉಕ್ಕಿತು ಅಂತೀವಿ. ನಿಜಕ್ಕೂ ಆಗೋದು, ನದಿ ತನ್ನ ಜಾಗ ಹುಡುಕ್ತಾ ಬರೋದು. ಮಣ್ಣಿನ ದಂಡೆ ಇದ್ದಾಗ ನೀರು ಅಗಲಕ್ಕೆ ಹರಡಿಕೊಳ್ತಿತ್ತು, ಒಂದಷ್ಟು ಇಂಗುತ್ತಿತ್ತು. ಈಗ ಎರಡೂ ಕಡೆ ಕಾಂಕ್ರೀಟ್ ಗೋಡೆ, ಕೆಳಗೆ ಕಾಂಕ್ರೀಟ್ ತಳ. ನುಣುಪಾದ ಕಾಲುವೆಯಲ್ಲಿ ನೀರು ವೇಗವಾಗಿ ಓಡುತ್ತೆ. ಮೇಲಿನ ಬಡಾವಣೆ ಬಚಾವಾಗುತ್ತೆ, ಕೆಳಗಿನ ಬಡಾವಣೆಗೆ ಎಲ್ಲ ನೀರೂ ಒಂದೇ ಸಲ ಬರುತ್ತೆ. ಮಹಾಯೋಜನೆ 2015ರ ಪ್ರಕಾರ ರಾಜಕಾಲುವೆಯ ಮಧ್ಯಭಾಗದಿಂದ ದೊಡ್ಡದಕ್ಕೆ 50 ಮೀಟರ್, ಅದಕ್ಕಿಂತ ಸಣ್ಣದಕ್ಕೆ 25, ಇನ್ನೂ ಸಣ್ಣದಕ್ಕೆ 15 ಮೀಟರ್ ಜಾಗ ಬಿಡಬೇಕು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಇರಲಿ, ಹಳೆಯ ಅಳತೆಯಾದರೂ ನಿಮ್ಮ ಬೀದಿಯ ಪಕ್ಕದ ಕಾಲುವೆಗೆ ಉಳಿದಿದೆಯಾ? ಒಂದು ಭಾನುವಾರ ಬೆಳಿಗ್ಗೆ ಹೋಗಿ ಹೆಜ್ಜೆ ಹಾಕಿ ಅಳೆದು ನೋಡಿ.

ಯಾರ ಕೆಲಸ ಇದು? ಇಲ್ಲೇ ಇರೋದು ಮಜಾ. ಕೊಳಚೆ ಪೈಪ್ ಜಲಮಂಡಳಿಯದ್ದು. ಮಳೆನೀರಿನ ಕಾಲುವೆ ಪಾಲಿಕೆಯದ್ದು. ಕಾರ್ಖಾನೆ ನೀರು ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಭೈರಮಂಗಲಕ್ಕೆ ಹೋದರೆ ನೀರಾವರಿ ಇಲಾಖೆ. ಎಲ್ಲರಿಗೂ ಒಂದೊಂದು ತುಂಡು ಸಿಕ್ಕಿದೆ, ಇಡೀ ನದಿ ಯಾರಿಗೂ ಸಿಕ್ಕಿಲ್ಲ. ನೀರಿನ ಮಾಲಿನ್ಯ ತಡೆ ಕಾಯ್ದೆ ದೇಶದಲ್ಲಿ ಬಂದದ್ದು 1974ರಲ್ಲಿ, ಕಾವೇರಿ ಬೆಂಗಳೂರಿಗೆ ಬಂದ ಅದೇ ವರ್ಷ. ಕಾವೇರಿ ಆ ಮೇಲೆ ಐದು ಹಂತ ಹತ್ತಿ ಬಂದಳು. ಕಾಯ್ದೆ ಮಾತ್ರ ಮೈಸೂರು ರಸ್ತೆಯ ತನಕವೂ ಬಂದಂತೆ ಕಾಣಲ್ಲ.

ಹಾಗಾದರೆ ಆಗಲ್ವಾ? ಆಗುತ್ತೆ. ಲಂಡನ್ನಿನ ಥೇಮ್ಸ್ ನದಿಯ ನಗರದೊಳಗಿನ ಭಾಗ ಜೈವಿಕವಾಗಿ ಸತ್ತಿದೆ ಅಂತ 1957ರಲ್ಲಿ ಅಲ್ಲಿನ ವಿಜ್ಞಾನಿಗಳೇ ಹೇಳಿದ್ದರು. ಆಮೇಲೆ ಅವರು ನದಿಗೆ ಆರತಿ ಎತ್ತಲಿಲ್ಲ, ಕೊಳಚೆ ಸಂಸ್ಕರಣಾ ಘಟಕಗಳನ್ನು ದೊಡ್ಡದು ಮಾಡಿದರು, ಕಾರ್ಖಾನೆಗಳನ್ನು ಬಿಗಿ ಮಾಡಿದರು. ಇವತ್ತು ಅಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳು ದಾಖಲಾಗಿವೆ, ಸೀಲ್ ಪ್ರಾಣಿಗಳು ಬರುತ್ತವೆ. ಆದರೂ ಜೋರು ಮಳೆಗೆ ಕೊಳಚೆ ಉಕ್ಕಿ ನದಿಗೆ ಸೇರ್ತಿತ್ತು. ಅದನ್ನು ತಡೆಯೋಕೆ 25 ಕಿಲೋಮೀಟರ್ ಉದ್ದದ ಸುರಂಗ ಕೊರೆದು 2025ರಲ್ಲಿ ಮುಗಿಸಿದರು. ಸತ್ತ ನದಿ ಬದುಕಬಹುದು, ಆದರೆ ಕೆಲಸ ಅರವತ್ತು ಎಪ್ಪತ್ತು ವರ್ಷ ಬಿಡದೆ ನಡೀಬೇಕು.

ನಮ್ಮಲ್ಲಿ ಆಗಬೇಕಾದ್ದು ಏನು? ಮೊದಲನೆಯದು, ರಾಜಕಾಲುವೆಗೆ ಕೊಳಚೆ ಬರೋದನ್ನು ನಿಲ್ಲಿಸೋದು. ಕಾಲುವೆ ಮಳೆನೀರಿಗೆ, ಕೊಳಚೆ ಪೈಪಿಗೆ. ಇದೊಂದು ಆಗದೆ ದಂಡೆಯಲ್ಲಿ ಪಾರ್ಕ್ ಮಾಡಿ, ಗೋಡೆಗೆ ಬಣ್ಣ ಬಳಿದರೆ ಪ್ರಯೋಜನ ಇಲ್ಲ. ಎರಡನೆಯದು, ಮೈಸೂರು ರಸ್ತೆ ಮತ್ತು ಕೆಂಗೇರಿಯ ಸಂಸ್ಕರಣಾ ಘಟಕಗಳಿಂದ ಹೊರಬರೋ ನೀರಿನ ಗುಣಮಟ್ಟ ದಿನವೂ ಜನರಿಗೆ ಕಾಣಬೇಕು. ಪೆಟ್ರೋಲ್ ಬಂಕಿನಲ್ಲಿ ರೇಟು ಕಾಣುವ ಹಾಗೆ, ಗೇಟಿನ ಮುಂದೆ ದೊಡ್ಡ ಬೋರ್ಡ್ ಹಾಕಿ. ಮೂರನೆಯದು, ಸಂಸ್ಕರಿಸಿದ ನೀರೆಲ್ಲವನ್ನೂ ಬೇರೆ ಕಡೆಗೆ ಪಂಪ್ ಮಾಡಬೇಡಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗ್ತಿದೆ. ವೃಷಭಾವತಿ ಕಣಿವೆಯ ನೀರನ್ನು ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ಕೆರೆಗಳಿಗೆ ಎತ್ತುವ ಯೋಜನೆಯೂ ಇದೆ. ಬರದ ಊರಿಗೆ ನೀರು ಹೋಗಲಿ, ಆದರೆ ಚೆನ್ನಾಗಿ ಸಂಸ್ಕರಿಸಿದ ಒಂದು ಪಾಲು ನದಿಯಲ್ಲೇ ಹರಿಯಬೇಕು. ಬೇಸಿಗೆಯಲ್ಲಿ ಈ ನದಿಗೆ ಬೇರೆ ನೀರಿಲ್ಲ, ಭೈರಮಂಗಲದ ರೈತರಿಗೂ ಇಲ್ಲ.

ಮನೆಯಲ್ಲಿ ಮಾಡಬೇಕಾದ್ದೂ ಇದೆ. ನಿಮ್ಮ ತಾರಸಿಯ ಮಳೆನೀರಿನ ಪೈಪ್ ಎಲ್ಲಿಗೆ ಸೇರಿದೆ ನೋಡಿ. ಎಷ್ಟೋ ಮನೆಗಳಲ್ಲಿ ಅದನ್ನು ಒಳಚರಂಡಿಗೆ ಸೇರಿಸಿರ್ತಾರೆ. ಮಳೆ ಬಂದ ತಕ್ಷಣ ಪೈಪು ತುಂಬಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಾಜಕಾಲುವೆಗೆ ಹೋಗೋದು ಹೀಗೆ. ಆ ಪೈಪನ್ನು ತಪ್ಪಿಸಿ ಸಂಪಿಗೋ ಇಂಗುಗುಂಡಿಗೋ ತಿರುಗಿಸಿ. 2009ರಿಂದಲೇ ನಿಗದಿತ ಅಳತೆಯ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಇದೆ. ಬೋಂಡಾ ಕರಿದ ಎಣ್ಣೆ ಸಿಂಕಿಗೆ ಸುರಿಬೇಡಿ, ಅದು ಗಟ್ಟಿಯಾಗಿ ಪೈಪ್ ಕಟ್ಟುತ್ತೆ. ಅವಧಿ ಮುಗಿದ ಮಾತ್ರೆ ಟಾಯ್ಲೆಟ್ಟಿಗೆ ಹಾಕಬೇಡಿ. ಬಟ್ಟೆ ಸೋಪು ಅರ್ಧ ಚಮಚ ಕಡಿಮೆ ಆದರೆ ಕಾಲರಿನ ಕೊಳೆ ಉಳಿಯಲ್ಲ. ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕಿದರೆ ಪಕ್ಕಕ್ಕೆ ಹಾರಿ ಹೋಗಬೇಡಿ, ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆ ನಂಬರ್ ಹಿಡಿದು ಮತ್ತೆ ಕೇಳಿದರೆ ಮಾತ್ರ ಕೆಲಸ ಆಗುತ್ತೆ.

ಮುಂದಿನ ಚುನಾವಣೆಗೆ ನಿಮ್ಮ ಮನೆ ಬಾಗಿಲಿಗೆ ಅಭ್ಯರ್ಥಿ ಬಂದಾಗ ರಸ್ತೆ, ದೀಪ, ಪಾರ್ಕಿನ ಜೊತೆ ಇನ್ನೊಂದನ್ನು ಕೇಳಿ. 'ನಮ್ಮ ವಾರ್ಡಿನ ಕೊಳಚೆ ವೃಷಭಾವತಿಗೆ ಎಲ್ಲಿ ಸೇರ್ತಿದೆ, ಯಾವತ್ತು ನಿಲ್ಲಿಸ್ತೀರಿ?' ಮೋರಿ ಅಂತ ಕೇಳಬೇಡಿ, ಹೆಸರು ಹಿಡಿದೇ ಕೇಳಿ. ಮೋರಿಗೆ ಅಂದರೆ ಚಪ್ಪಡಿ ಮುಚ್ಚಿಸಿಕೊಟ್ಟು ಹೋಗ್ತಾರೆ. ನದಿಗೆ ಚಪ್ಪಡಿ ಹಾಕ್ತೀನಿ ಅನ್ನೋದು ಅಷ್ಟು ಸುಲಭ ಅಲ್ಲ.